ಆರ್‌ಟಿ, ಎಲ್‌ಟಿ, ಸಿ2ಎಫ್, ಟಿ2ಬಿ: ಎರಡೇ ಕುಣಿಕೆಗೆ ಎಷ್ಟೊಂದು ಹೆಸರು!

ಕಾರವಾರದಲ್ಲಿ ಕೂತು ಉಲ್ಲನ್ ಹೆಣೆಯುತ್ತೇನೆ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ, ಇಲ್ಲಿ ಡಿಸೆಂಬರ್ ಮಧ್ಯಾಹ್ನವೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಆದರೆ ನನ್ನ ತವರು ಶಿರಸಿ ಕಡೆ. ಅಲ್ಲಿ ಅಡಿಕೆ ಸುಲಿಯುವ ಕಾಲ ಬಂತು ಅಂದರೆ ಬೆಳಗಿನ ಜಾವ ಒಲೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ, ಮತ್ತೆ ನಮ್ಮ ಬಳಗದಲ್ಲಿ ಯಾರದ್ದಾದರೂ ಒಂದು ಬಾಣಂತನ ನಡೀತಾನೇ ಇರುತ್ತದೆ. ಹಾಗಾಗಿ ಟೊಪ್ಪಿ, ಸಾಕ್ಸ್, ಅಂಗೈಯಗಲದ ಸ್ವೆಟರ್ ಅಂತ ನನ್ನ ಕಡ್ಡಿಗೆ ಬಿಡುವಿಲ್ಲ.

ಹೋದ ಸಲ ತಂಗಿಯ ಮಗುವಿಗೆ ಒಂದು ಟೊಪ್ಪಿ ಹಾಕಿದೆ. ಪ್ಯಾಟರ್ನ್ ಇಂಗ್ಲಿಷಿನದ್ದು. ಫೋಟೋದಲ್ಲಿ ಸಣ್ಣ ಸಣ್ಣ ಬಳ್ಳಿ ಹಬ್ಬಿದ ಹಾಗೆ ಗೆರೆಗಳು, ನೋಡಲು ಬಹಳ ಚಂದ. ಅದರಲ್ಲಿ ಎರಡು ಕುಣಿಕೆಯನ್ನು ಒಂದರ ಮೇಲೊಂದು ದಾಟಿಸುವ ಕಡೆ ಟಿ2ಎಫ್ ಅಂತ ಗಿಡ್ಡ ಹೆಸರು ಬರೆದಿತ್ತು. ನಾನು ಅದನ್ನು ಸಿ2ಎಫ್‌ನ ಇನ್ನೊಂದು ಹೆಸರು ಅಂದುಕೊಂಡು, ಅರ್ಥದ ಪಟ್ಟಿ ನೋಡದೆ, ಸುಮ್ನೆ ಹೆಣೆಯುತ್ತಾ ಹೋದೆ. ಅರ್ಧ ಟೊಪ್ಪಿ ಆದ ಮೇಲೆ ನಮ್ಮ ಆಯಿ ಕೈಗೆ ತೆಗೆದುಕೊಂಡು ನೋಡಿ, ‘ಇದೆಂತದೇ, ಹುಳ ತಿಂದಾಂಗೆ ಕಾಣ್ತು’ ಅಂದಳು. ನಿಜವಾಗಿಯೂ ಹಾಗೇ ಕಾಣುತ್ತಿತ್ತು. ಬಿಚ್ಚಿದೆ.

ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಹೊಸ ಪ್ಯಾಟರ್ನ್ ಶುರು ಮಾಡುವ ಮೊದಲು ಅದರಲ್ಲಿರುವ ಒಂದೊಂದು ಗಿಡ್ಡ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡದ ಒಂದು ಪೂರ್ತಿ ವಾಕ್ಯವಾಗಿ ಬರೆಯುತ್ತೇನೆ. ಆ ವಾಕ್ಯದಲ್ಲಿ ಮೂರು ವಿಷಯ ಇರಲೇಬೇಕು. ಎಷ್ಟು ಕುಣಿಕೆ, ಯಾವುದು ಮುಂದೆ ಯಾವುದು ಹಿಂದೆ, ಮತ್ತೆ ಒಂದೊಂದನ್ನೂ ಹೇಗೆ ಹೆಣೆಯಬೇಕು. ಇವು ಮೂರು ಗೊತ್ತಾದರೆ ಹೆಸರು ಏನಾದರೂ ಇರಲಿ, ಕೆಲಸ ಆಗುತ್ತದೆ. ಒಂದು ಗೊತ್ತಾಗದಿದ್ದರೂ ಕಡ್ಡಿ ಕೆಳಗಿಡಿ.

ನಿಟ್, ಪರ್ಲ್ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆ ಅಂದರೆ ನಿಟ್, ಪಿ ಅಂದರೆ ಪರ್ಲ್, ಕೆ1 ಅಂದರೆ ಒಂದು ಕುಣಿಕೆ ನಿಟ್. ಕೆ2ಟಾಗ್ ಅಂದರೆ ಎರಡು ಕುಣಿಕೆ ಸೇರಿಸಿ ಒಂದೇ ನಿಟ್. ಇಷ್ಟು ನಿಮಗೆ ಗೊತ್ತಿರುತ್ತದೆ.

ಈಗ ಸಂಕದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಹಳ್ಳಕ್ಕೆ ಹಾಕಿದ ಕಾಲುಸಂಕದ ಮೇಲೆ ಆ ಕಡೆಯವರು ಒಬ್ಬರು ಈ ಕಡೆಯವರು ಒಬ್ಬರು ಎದುರಾದರೆ ಏನು ಮಾಡುತ್ತೀರಿ? ಒಬ್ಬರು ಹಿಡಿಗಂಬಕ್ಕೆ ಒತ್ತಿ ಹಿಂದೆ ಸರಿಯುತ್ತಾರೆ, ಇನ್ನೊಬ್ಬರು ಅವರ ಮುಂದಿಂದ ದಾಟುತ್ತಾರೆ. ಇಬ್ಬರೂ ಜಾಗ ಅದಲು ಬದಲು ಮಾಡಿಕೊಂಡಂತೆ ಆಯಿತು, ಆದರೆ ದೂರದಿಂದ ನೋಡುವವರಿಗೆ ಮುಂದಿಂದ ದಾಟಿದವರೇ ಕಾಣುತ್ತಾರೆ. ಎರಡು ಕುಣಿಕೆಯ ಸಣ್ಣ ಕೇಬಲ್ ಅಂದರೆ ಇಷ್ಟೇ.

ಎಡಗೈ ಕಡ್ಡಿಯಲ್ಲಿ ತುದಿಗೆ ಹತ್ತಿರ ಇರುವುದು ಮೊದಲನೇ ಕುಣಿಕೆ, ಅದರ ಎಡಕ್ಕಿರುವುದು ಎರಡನೆಯದು. ಮೊದಲನೆಯದು ಮುಂದಿಂದ ದಾಟಿದರೆ ಅದು ಬಲದಿಂದ ಎಡಕ್ಕೆ ಹೋಗುವುದು ಕಾಣುತ್ತದೆ, ಗೆರೆ ಎಡಕ್ಕೆ ವಾಲುತ್ತದೆ. ಮೊದಲನೆಯದು ಹಿಂದೆ ಸರಿದರೆ ಎರಡನೆಯದು ಮುಂದಿಂದ ಬಲಕ್ಕೆ ಬರುತ್ತದೆ, ಗೆರೆ ಬಲಕ್ಕೆ ವಾಲುತ್ತದೆ. ಇದನ್ನೇ ‘ಮುಂದೆ ಹಿಡಿದರೆ ಎಡ, ಹಿಂದೆ ಹಿಡಿದರೆ ಬಲ’ ಅಂತ ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆದಿಟ್ಟಿದ್ದೇನೆ.

ಯಾಕೆ ಅಂದರೆ ಪ್ಯಾಟರ್ನ್ ಬರೆಯುವವರಲ್ಲಿ ಎರಡು ಪಂಗಡ. ಒಂದು ಪಂಗಡ ಕುಣಿಕೆಯನ್ನು ಎಲ್ಲಿ ಹಿಡಿಯಬೇಕು ಅನ್ನುವುದರ ಮೇಲೆ ಹೆಸರಿಡುತ್ತದೆ. ಸಿ2ಎಫ್‌ನಲ್ಲಿ ಎಫ್ ಅಂದರೆ ಫ್ರಂಟ್, ಮುಂದೆ. ಸಿ2ಬಿಯಲ್ಲಿ ಬಿ ಅಂದರೆ ಬ್ಯಾಕ್, ಹಿಂದೆ. ಇನ್ನೊಂದು ಪಂಗಡ ಗೆರೆ ಯಾವ ಕಡೆ ವಾಲುತ್ತದೆ ಅನ್ನುವುದರ ಮೇಲೆ ಇಡುತ್ತದೆ. ಆರ್‌ಟಿ ಅಂದರೆ ರೈಟ್ ಟ್ವಿಸ್ಟ್, ಎಲ್‌ಟಿ ಅಂದರೆ ಲೆಫ್ಟ್ ಟ್ವಿಸ್ಟ್. 1/1 ಆರ್‌ಸಿ ಅಂದರೆ ಒಂದರ ಮೇಲೆ ಒಂದು, ಬಲಕ್ಕೆ ದಾಟು. 1/1 ಎಲ್‌ಸಿ ಅಂದರೆ ಎಡಕ್ಕೆ. ಅಂದರೆ ಸಿ2ಬಿ, 1/1 ಆರ್‌ಸಿ, ಆರ್‌ಟಿ ಈ ಮೂರೂ ನೋಡಲು ಹೆಚ್ಚು ಕಮ್ಮಿ ಒಂದೇ. ಸಿ2ಎಫ್, 1/1 ಎಲ್‌ಸಿ, ಎಲ್‌ಟಿ ಇನ್ನೊಂದು ಗುಂಪು. ಮಾಡುವ ದಾರಿ ಬೇರೆ, ಕಾಣುವ ಗೆರೆ ಒಂದೇ.

ಇಲ್ಲೊಂದು ತಮಾಷೆ ಇದೆ. ಆರ್‌ಎಸ್ ಅಂತ ಬರೆದಿದ್ದರೆ ಅದರಲ್ಲಿರುವ ಆರ್ ಬಲಗಡೆಯಲ್ಲ, ಬಟ್ಟೆಯ ಹೊರಮೈ. ಡಬ್ಲ್ಯೂಎಸ್ ಅಂದರೆ ಒಳಮೈ. ಇಂಗ್ಲಿಷಿನಲ್ಲಿ ‘ಬಲ’ಕ್ಕೂ ‘ಸರಿ’ಗೂ ಒಂದೇ ಪದ ಇರುವುದರಿಂದ ಆದ ಗಲಾಟೆ ಇದು. ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಈ ತಕರಾರೇ ಇಲ್ಲ ನೋಡಿ.

ಅಂಕಿಯಲ್ಲೂ ಮೋಸ ಹೋಗಬಹುದು. ಸಾಮಾನ್ಯವಾಗಿ ಸಿ4ಎಫ್‌ನ 4 ಅಂದರೆ ಒಟ್ಟು ನಾಲ್ಕು ಕುಣಿಕೆ, ಎರಡರ ಮೇಲೆ ಎರಡು. ಆ ಲೆಕ್ಕದಲ್ಲಿ ಸಿ2ಎಫ್ ಒಟ್ಟು ಎರಡು, ಒಂದರ ಮೇಲೆ ಒಂದು. ಆದರೆ ಕೆಲವರು ಸಿ2ಎಫ್ ಅಂತ ಬರೆದು ‘ಎರಡನ್ನು ಮುಂದೆ ಹಿಡಿ, ಆಮೇಲೆ ಎರಡು ಹೆಣೆ’ ಅಂತ ಅರ್ಥ ಮಾಡಿರುತ್ತಾರೆ, ಅಲ್ಲಿಗೆ ಕುಣಿಕೆ ನಾಲ್ಕಾಯಿತು. ಕಂಡುಹಿಡಿಯುವುದು ಸುಲಭ, ಸಾಲನ್ನು ಕೂಡಿಸಿ ನೋಡಿ. ಪಿ3, ಸಿ2ಎಫ್, ಪಿ3 ಅಂತಿದ್ದು ಸಾಲಿನಲ್ಲಿ 8 ಕುಣಿಕೆ ಇದ್ದರೆ ಕೇಬಲ್ ಎರಡರದ್ದು, 10 ಇದ್ದರೆ ನಾಲ್ಕರದ್ದು. ಈ ವಿಷಯದಲ್ಲಿ 1/1, 2/1, 2/2 ಅಂತ ಬರೆಯುವ ಪದ್ಧತಿಯೇ ನನಗೆ ಇಷ್ಟ. ಮೊದಲ ಅಂಕಿ ಮುಂದಿಂದ ದಾಟುವ ಕುಣಿಕೆ, ಎರಡನೆಯದು ಹಿಂದೆ ಸರಿಯುವ ಕುಣಿಕೆ. ಮುಚ್ಚುಮರೆ ಇಲ್ಲ. ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಅನ್ನುವ ಸಂಸ್ಥೆ ಇಂಥ ಹೆಸರುಗಳ ಒಂದು ಪಟ್ಟಿ ಮಾಡಿದೆ, ಬಹಳ ಜನ ಅದನ್ನು ಬಳಸುತ್ತಾರೆ. ಆದರೂ ನಿಮ್ಮ ಕೈಯಲ್ಲಿರುವ ಪ್ಯಾಟರ್ನಿನವರು ಬಳಸಿದ್ದಾರೆ ಅಂತ ಖಾತ್ರಿ ಏನೂ ಇಲ್ಲ. ಪ್ಯಾಟರ್ನಿನ ಕೊನೆಯಲ್ಲೋ ಮೊದಲಲ್ಲೋ ಅವರದ್ದೇ ಅರ್ಥದ ಪಟ್ಟಿ ಇರುತ್ತದೆ, ಅದೇ ಕಡೆಯ ಮಾತು. ಬೇರೆ ಕಡೆ ಹುಡುಕಿದ ಅರ್ಥ ತಂದು ಇಲ್ಲಿ ಅಂಟಿಸಬೇಡಿ.

ಇನ್ನು ನನ್ನ ಟೊಪ್ಪಿ ಹಾಳು ಮಾಡಿದ ಪದ, ಟಿ2ಎಫ್‌ನ ಟಿ, ಅಂದರೆ ಟ್ವಿಸ್ಟ್. ಈ ಒಂದು ಪದಕ್ಕೆ ಹೆಣಿಗೆಯಲ್ಲಿ ಮೂರು ಅರ್ಥ ಇದೆ, ಮೂರೂ ಒಂದೇ ಪ್ಯಾಟರ್ನಿನಲ್ಲಿ ಬರಬಹುದು. ಒಂದು, ಆರ್‌ಟಿ ಮತ್ತು ಎಲ್‌ಟಿ, ಎರಡು ನಿಟ್ ಕುಣಿಕೆ ಜಾಗ ಬದಲಾಯಿಸುವುದು. ಎರಡು, ಟಿ2ಎಫ್ ಮತ್ತು ಟಿ2ಬಿ. ಹೆಚ್ಚಿನ ಪ್ಯಾಟರ್ನುಗಳಲ್ಲಿ ಇಲ್ಲಿಯೂ ಜಾಗ ಬದಲಾಗುತ್ತದೆ, ಆದರೆ ಮುಂದಿಂದ ದಾಟುವುದು ನಿಟ್, ಹಿಂದೆ ಸರಿಯುವುದು ಪರ್ಲ್. ಪರ್ಲ್ ನೆಲದ ಮೇಲೆ ಒಂದೇ ಒಂದು ನಿಟ್ ಗೆರೆ ಬಳ್ಳಿಯ ಹಾಗೆ ಹರಿಯಬೇಕು ಅಂದರೆ ಇದೇ ಬೇಕು. ಇದನ್ನೇ ಇನ್ನೊಬ್ಬರು 1/1 ಎಲ್‌ಪಿಸಿ, 1/1 ಆರ್‌ಪಿಸಿ ಅಂತ ಬರೆಯುತ್ತಾರೆ, ನಡುವಿನ ಪಿ ಪರ್ಲ್ ಅಂತ ನೆನಪಿಸಲು. ನಾನು ಪರ್ಲ್ ಮಾಡುವ ಕಡೆಯಲ್ಲೆಲ್ಲ ನಿಟ್ ಮಾಡಿದ್ದೆ, ಹಾಗಾಗಿ ಬಳ್ಳಿಯ ಪಕ್ಕದಲ್ಲಿ ಅಲ್ಲಲ್ಲಿ ಒಂದೊಂದು ಮಚ್ಚೆ ಎದ್ದಿತ್ತು.

ಮೂರನೆಯದು ಟಿಬಿಎಲ್. ಕೆ1 ಟಿಬಿಎಲ್ ಅಂದರೆ ಕುಣಿಕೆಯ ಹಿಂದಿನ ಕಾಲಿಗೆ ಕಡ್ಡಿ ಹಾಕಿ ನಿಟ್ ಮಾಡುವುದು. ಇಲ್ಲಿ ಯಾರೂ ಜಾಗ ಬದಲಾಯಿಸುವುದಿಲ್ಲ. ಒಂದೇ ಕುಣಿಕೆ ತನ್ನೊಳಗೇ ತಿರುಚಿಕೊಳ್ಳುತ್ತದೆ, ಅದರ ಎರಡು ಕಾಲು ಬುಡದಲ್ಲಿ ಅಡ್ಡಡ್ಡ ಬೀಳುತ್ತವೆ, ಗೆರೆ ಸಣ್ಣಗೆ ಬಿಗಿಯಾಗಿ ಎದ್ದು ಕಾಣುತ್ತದೆ. ಬವೇರಿಯಾ, ಆಸ್ಟ್ರಿಯಾ ಕಡೆಯ ಹಳೆಯ ಸಾಕ್ಸ್‌ಗಳಲ್ಲಿ ದಾಟುವುದು ಮತ್ತು ತಿರುಚುವುದು ಎರಡೂ ಒಟ್ಟಿಗೇ ಇರುತ್ತದೆ. ಕುಣಿಕೆ ದಾಟುತ್ತದೆ, ದಾಟುವಾಗ ಟಿಬಿಎಲ್ ಕೂಡ ಆಗುತ್ತದೆ. ಮರದ ಕೆತ್ತನೆ ಹಾಗೆ ಕಾಣುತ್ತದೆ ಅದು. ನಾನು ನೋಟ್‌ಬುಕ್ಕಿನಲ್ಲಿ ಮೊದಲ ಎರಡಕ್ಕೆ ‘ದಾಟಿಸು’ ಅಂತಲೂ ಮೂರನೆಯದಕ್ಕೆ ‘ತಿರುಚು’ ಅಂತಲೂ ಬರೆಯುತ್ತೇನೆ. ಅಲ್ಲಿಗೆ ಮುಗಿಯಿತು.

ಈಗ ಕೈಕೆಲಸ. ಆರ್‌ಟಿ ಬಹಳ ಸುಲಭ. ಎರಡು ಕುಣಿಕೆಯನ್ನು ಸೇರಿಸಿ ಕೆ2ಟಾಗ್ ಮಾಡಿ, ಆದರೆ ಎಡ ಕಡ್ಡಿಯಿಂದ ಬಿಡಬೇಡಿ. ಬಲ ಕಡ್ಡಿಯ ತುದಿಯನ್ನು ಆ ಎರಡರ ಮಧ್ಯೆ ತೂರಿಸಿ ಮೊದಲನೇ ಕುಣಿಕೆಯನ್ನು ಇನ್ನೊಮ್ಮೆ ನಿಟ್ ಮಾಡಿ. ಈಗ ಎರಡನ್ನೂ ಒಟ್ಟಿಗೆ ಬಿಡಿ. ಬಲ ಕಡ್ಡಿಗೆ ಹೊಸದಾಗಿ ಎರಡು ಕುಣಿಕೆ ಬಂದಿರಬೇಕು, ಒಂದಾಗಿದ್ದರೆ ಬೇಗ ಬಿಟ್ಟುಬಿಟ್ಟಿದ್ದೀರಿ.

ಎಲ್‌ಟಿ ಸ್ವಲ್ಪ ಹಟಮಾರಿ. ಎಲ್ಲರೂ ಹೇಳುವ ದಾರಿ ಹೀಗೆ. ಬಲ ಕಡ್ಡಿಯನ್ನು ಮೊದಲನೇ ಕುಣಿಕೆಯ ಹಿಂದಿನಿಂದ ಒಯ್ದು ಎರಡನೆಯದರ ಹಿಂದಿನ ಕಾಲಿಗೆ ಹಾಕಿ ನಿಟ್ ಮಾಡಿ, ಬಿಡಬೇಡಿ, ಆಮೇಲೆ ಮೊದಲನೆಯದನ್ನು ಮುಂದಿನಿಂದ ನಿಟ್ ಮಾಡಿ, ಎರಡನ್ನೂ ಬಿಡಿ. ಹೀಗೆ ಮಾಡಿದ ಎಲ್‌ಟಿ ನನ್ನ ಕೈಯಲ್ಲಿ ಯಾವಾಗಲೂ ಆರ್‌ಟಿಗಿಂತ ಸಡಿಲ ಕಾಣುತ್ತದೆ, ಟೊಪ್ಪಿಯ ಒಂದು ಬದಿ ಇಸ್ತ್ರಿ ಹಾಕಿದಂತೆ ಇನ್ನೊಂದು ಬದಿ ನಿದ್ದೆಯಿಂದ ಎದ್ದಂತೆ. ಅದಕ್ಕೆ ನಾನು ಮೊದಲು ಎರಡೂ ಕುಣಿಕೆಯನ್ನು ಒಂದೊಂದಾಗಿ ನಿಟ್ ಮಾಡುವ ಹಾಗೆ ಕಡ್ಡಿ ಹಾಕಿ ಬಲಕ್ಕೆ ಜಾರಿಸಿ, ಹಾಗೇ ಎಡ ಕಡ್ಡಿಗೆ ವಾಪಸ್ ಕೊಡುತ್ತೇನೆ. ಕುಣಿಕೆ ಮಗ್ಗುಲು ಬದಲಾಯಿಸಿತು. ಈಗ ಹಿಂದಿನಿಂದ ಎರಡನೆಯದನ್ನು ಟಿಬಿಎಲ್ ನಿಟ್ ಮಾಡಿ, ಬಿಡದೆ, ಎರಡನ್ನೂ ಸೇರಿಸಿ ಟಿಬಿಎಲ್ ನಿಟ್ ಮಾಡಿ ಬಿಡುವುದು. ಒಂದು ಹೆಜ್ಜೆ ಜಾಸ್ತಿ, ಆದರೆ ಎಡವೂ ಬಲವೂ ಜೋಡಿಯಾಗಿ ಕಾಣುತ್ತವೆ.

ಪರ್ಲ್ ಸೇರಿದ ಜೋಡಿಗೆ ಪ್ಯಾಟರ್ನಿನಲ್ಲಿ ಸಿಎನ್ ಬೇಕು ಅಂತ ಬರೆದಿರುತ್ತದೆ, ಕೇಬಲ್ ನೀಡಲ್. ಅದನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯಬೇಡಿ. ಒಂದೇ ಕುಣಿಕೆ ಹಿಡಿಯಲು ಹೇರ್‌ಪಿನ್ ಸಾಕು. ನಾನು ತೆಂಗಿನ ಗರಿಯ ಹಿಡಿಕಡ್ಡಿಯ ಒಂದು ತುಂಡನ್ನು ಚೆನ್ನಾಗಿ ಹೆರೆದು, ನುಣ್ಣಗೆ ಉಜ್ಜಿ ಇಟ್ಟುಕೊಂಡಿದ್ದೇನೆ. ಹೆರೆಯದಿದ್ದರೆ ಅದು ಉಲ್ಲನ್ನಿನ ಎಳೆಯನ್ನೆಲ್ಲ ಎಬ್ಬಿಸಿ ಹಾಕುತ್ತದೆ. 1/1 ಆರ್‌ಪಿಸಿ ಅಥವಾ ಟಿ2ಬಿ ಮಾಡುವುದು ಹೀಗೆ: ಮೊದಲ ಕುಣಿಕೆ ಹಿಡಿಕಡ್ಡಿಗೆ, ಹಿಂದೆ ಬಿಡಿ, ಎರಡನೆಯದನ್ನು ನಿಟ್ ಮಾಡಿ, ಹಿಡಿಕಡ್ಡಿಯದನ್ನು ಪರ್ಲ್ ಮಾಡಿ. 1/1 ಎಲ್‌ಪಿಸಿ ಅಥವಾ ಟಿ2ಎಫ್: ಮೊದಲ ಕುಣಿಕೆ ಹಿಡಿಕಡ್ಡಿಗೆ, ಮುಂದೆ ಬಿಡಿ, ಎರಡನೆಯದನ್ನು ಪರ್ಲ್ ಮಾಡಿ, ಹಿಡಿಕಡ್ಡಿಯದನ್ನು ನಿಟ್ ಮಾಡಿ. ಎರಡರಲ್ಲೂ ಮುಂದಿಂದ ದಾಟಿದ್ದು ನಿಟ್ಟೇ, ಗಮನಿಸಿದಿರಾ?

ಸ್ವಲ್ಪ ಧೈರ್ಯ ಬಂದ ಮೇಲೆ ಹಿಡಿಕಡ್ಡಿಯೂ ಬೇಡ. ಎಡಕ್ಕೆ ದಾಟಿಸಲು, ಬಲ ಕಡ್ಡಿಯನ್ನು ಹಿಂದಿನಿಂದ ಎರಡನೇ ಕುಣಿಕೆಗೆ ಹಾಕಿ, ಎರಡನ್ನೂ ಎಡ ಕಡ್ಡಿಯಿಂದ ಜಾರಿಸಿ. ಮೊದಲನೆಯದು ಮುಂದೆ ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ಎಡ ಕಡ್ಡಿಯಿಂದ ಎತ್ತಿಕೊಂಡು, ಬಲದಲ್ಲಿರುವುದನ್ನೂ ಎಡಕ್ಕೆ ವಾಪಸ್ ಕೊಟ್ಟು, ಆಮೇಲೆ ಹೆಣೆಯಿರಿ. ಬಲಕ್ಕೆ ದಾಟಿಸಲು ಇದೇ ಕೆಲಸ, ಕಡ್ಡಿ ಮಾತ್ರ ಮುಂದಿನಿಂದ ಹೋಗಬೇಕು, ಮೊದಲನೆಯದು ಹಿಂದೆ ನಿಲ್ಲಬೇಕು. ಗಾಳಿಯಲ್ಲಿ ನಿಂತ ಕುಣಿಕೆ ಅಷ್ಟು ಬೇಗ ಬಿಚ್ಚಿಕೊಳ್ಳುವುದಿಲ್ಲ, ಹೆದರಬೇಡಿ. ಆದರೆ ಜಾರುವ ರೇಷ್ಮೆಯಂಥ ದಾರದಲ್ಲಿ ಇದನ್ನು ಮಾಡಬೇಡಿ, ನಾನು ಮಾಡಿ ನೋಡಿಯೇ ಹೇಳುತ್ತಿರುವುದು.

ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಒಂದು ವಿಷಯ ಇದೆ, ಇಂಗ್ಲಿಷ್ ಪ್ಯಾಟರ್ನಿನವರು ಇದನ್ನು ಬರೆಯುವುದೇ ಕಮ್ಮಿ. ನಮ್ಮ ಆಯಿ ಪರ್ಲ್ ಮಾಡುವಾಗ ದಾರವನ್ನು ಕಡ್ಡಿಯ ಮೇಲಿಂದ ಸುತ್ತುವುದಿಲ್ಲ, ಕೆಳಗಿಂದ ಎಳೆದುಕೊಳ್ಳುತ್ತಾಳೆ. ಬೇಗ ಆಗುತ್ತದೆ, ನನಗೂ ಹಾಗೇ ಕಲಿಸಿದಳು. ಹೀಗೆ ಮಾಡಿದರೆ ಮುಂದಿನ ಸಾಲಿನಲ್ಲಿ ಕುಣಿಕೆ ಕಡ್ಡಿಯ ಮೇಲೆ ತಿರುಗಿ ಕೂತಿರುತ್ತದೆ, ಅಂದರೆ ತುದಿಗೆ ಹತ್ತಿರದ ಕಾಲು ಕಡ್ಡಿಯ ಹಿಂದಿರುತ್ತದೆ. ಹಾಗಾಗಿ ಆಯಿ ನಿಟ್ಟನ್ನು ಹಿಂದಿನ ಕಾಲಿಗೇ ಹಾಕುತ್ತಾಳೆ, ಅವಳಿಗೆ ಅದೇ ಸಾದಾ ನಿಟ್. ಈಗ ಪ್ಯಾಟರ್ನಿನಲ್ಲಿ ಟಿಬಿಎಲ್ ಅಂತ ಬಂದರೆ ಅವಳ ಕುಣಿಕೆ ತಿರುಚಿಕೊಳ್ಳುವುದೇ ಇಲ್ಲ, ಸಪಾಟಾಗಿ ಕೂರುತ್ತದೆ. ‘ನಂಗೆ ಬರ್ತಿಲ್ಲೆ’ ಅಂತ ಅವಳು ಎಷ್ಟೋ ಪ್ಯಾಟರ್ನ್ ಕೈಬಿಟ್ಟಿದ್ದಳು, ಪಾಪ, ತಪ್ಪು ಅವಳದ್ದಲ್ಲ.

ನೀವೂ ಹೀಗೆ ಪರ್ಲ್ ಮಾಡುವವರಾದರೆ ಒಂದು ಸಾಲು ಹೆಣೆದು ಕಡ್ಡಿ ತಿರುಗಿಸಿ ನೋಡಿ. ತುದಿಗೆ ಹತ್ತಿರದ ಕಾಲು ಮುಂದಿದ್ದರೆ ಪ್ಯಾಟರ್ನಿನ ಮಾತು ನಿಮಗೆ ಹಾಗೇ ಅನ್ವಯಿಸುತ್ತದೆ. ಹಿಂದಿದ್ದರೆ, ಈ ಕೇಬಲ್ ಇರುವ ಕೆಲಸಕ್ಕೆ ಮಾತ್ರ ಪರ್ಲ್‌ನಲ್ಲಿ ದಾರ ಮೇಲಿಂದ ಸುತ್ತಿ. ಮೊದಲ ದಿನ ಕೈ ಕೇಳುವುದಿಲ್ಲ, ಆಮೇಲೆ ಸರಿಹೋಗುತ್ತದೆ. ಆದರೆ ಕೆಳಗಿಂದ ಸುತ್ತುವವರಿಗೆ ಒಂದು ಲಾಭವೂ ಇದೆ. ಮೇಲೆ ಎಲ್‌ಟಿಗೆ ಕುಣಿಕೆಯ ಮಗ್ಗುಲು ಬದಲಾಯಿಸಬೇಕು ಅಂದೆನಲ್ಲ, ನಿಮ್ಮ ಕುಣಿಕೆ ಆಗಲೇ ಆ ಮಗ್ಗುಲಲ್ಲಿ ಇರುತ್ತದೆ. ಜಾರಿಸುವ ಹೆಜ್ಜೆ ಬಿಟ್ಟುಬಿಡಿ. ಬದಲಿಗೆ ಆರ್‌ಟಿ ಮಾಡುವಾಗ ಅವುಗಳನ್ನು ಸೀದಾ ತಿರುಗಿಸಿಕೊಳ್ಳಬೇಕಾಗುತ್ತದೆ.

ಪ್ಯಾಟರ್ನನ್ನು ಚೌಕಗಳ ಚಿತ್ರವಾಗಿ ಬರೆದ ಚಾರ್ಟ್ ಇದ್ದರೆ ಅದನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಹೊರಮೈ ಸಾಲು ಬಲದಿಂದ ಎಡಕ್ಕೆ, ಒಳಮೈ ಸಾಲು ಎಡದಿಂದ ಬಲಕ್ಕೆ. ಗೋಲಾಗಿ ಹೆಣೆಯುವ ಟೊಪ್ಪಿಯಲ್ಲಿ ಎಲ್ಲ ಸಾಲೂ ಬಲದಿಂದ ಎಡಕ್ಕೆ. ಕನ್ನಡ ಓದುವ ಕಣ್ಣು ತಾನಾಗಿಯೇ ಎಡದಿಂದ ಶುರು ಮಾಡುತ್ತದೆ, ಅದಕ್ಕೆ ನಾನು ಪ್ರತಿ ಹೊರಮೈ ಸಾಲಿನ ಬಲತುದಿಗೆ ಪೆನ್ಸಿಲ್ಲಿನಲ್ಲಿ ಒಂದು ಬಾಣ ಹಾಕಿಡುತ್ತೇನೆ. ದಾಟಿಸುವ ಕೆಲಸ ಹೆಚ್ಚಾಗಿ ಹೊರಮೈ ಸಾಲಿನಲ್ಲೇ ಇರುತ್ತದೆ. ಒಳಮೈ ಸಾಲಿನಲ್ಲಿ ನಿಟ್ ಹಾಗೆ ಕಂಡದ್ದನ್ನು ನಿಟ್, ಪರ್ಲ್ ಹಾಗೆ ಕಂಡದ್ದನ್ನು ಪರ್ಲ್ ಮಾಡಿಕೊಂಡು ಹೋದರಾಯಿತು. ಟಿಬಿಎಲ್ ಪ್ಯಾಟರ್ನ್ ಆದರೆ ಒಳಮೈಯಲ್ಲಿ ಪಿ1 ಟಿಬಿಎಲ್ ಬರಬಹುದು, ಅದು ಬೆನ್ನ ಹಿಂದೆ ಕೈ ಹಾಕಿ ಹೂವು ಮುಡಿದ ಹಾಗೆ. ಅಂಥದ್ದನ್ನು ಗೋಲಾಗಿ ಹೆಣೆಯುವುದೇ ಒಳ್ಳೆಯದು.

ಅಭ್ಯಾಸಕ್ಕೆ ಒಂದು ತುಂಡು ಹೆಣೆಯಿರಿ. 26 ಕುಣಿಕೆ ಹಾಕಿ.

ಸಾಲು 1, ಹೊರಮೈ: ಪಿ2, ಆಮೇಲೆ ಆರ್‌ಟಿ, ಪಿ2, ಇದನ್ನೇ ಆರು ಸಲ.
ಸಾಲು 2: ಕೆ2, ಆಮೇಲೆ ಪಿ2, ಕೆ2, ಇದನ್ನೇ ಆರು ಸಲ.
ಸಾಲು 3: ಪಿ2, ಆಮೇಲೆ ಕೆ2, ಪಿ2, ಇದನ್ನೇ ಆರು ಸಲ.
ಸಾಲು 4: ಎರಡನೇ ಸಾಲಿನ ಹಾಗೇ.

ನಾಲ್ಕೂ ಸಾಲನ್ನು ಐದಾರು ಬಾರಿ ಮಾಡಿದರೆ ಆರು ಸಣ್ಣ ಹಗ್ಗ ಏಳುತ್ತವೆ. ಆಮೇಲೆ ಆರ್‌ಟಿ ಬದಲು ಎಲ್‌ಟಿ ಹಾಕಿ ನೋಡಿ, ಹಗ್ಗದ ಹುರಿ ಆ ಕಡೆ ತಿರುಗುತ್ತದೆ. ಟೊಪ್ಪಿಯ ಅಂಚಿಗೆ ನಾನು ಇದನ್ನೇ ಹಾಕುವುದು.

ಬಳ್ಳಿಗೆ 9 ಕುಣಿಕೆಯ ಪಟ್ಟಿ ಸಾಕು. ಮೊದಲು ಒಳಮೈಯಲ್ಲಿ ಕೆ1, ಪಿ1, ಕೆ7. ತಿರುಗಿಸಿ, ಪಿ6, 1/1 ಆರ್‌ಪಿಸಿ, ಪಿ1. ಒಳಮೈ ಕೆ2, ಪಿ1, ಕೆ6. ಮತ್ತೆ ಹೊರಮೈ ಪಿ5, 1/1 ಆರ್‌ಪಿಸಿ, ಪಿ2. ಹೀಗೆ ಆರ್‌ಪಿಸಿಗೆ ಮೊದಲಿನ ಪರ್ಲ್ ಒಂದೊಂದು ಕಮ್ಮಿ, ಆಮೇಲಿನದು ಒಂದೊಂದು ಜಾಸ್ತಿ ಆಗುತ್ತಾ ಬಳ್ಳಿ ಬಲಕ್ಕೆ ಏರುತ್ತದೆ. ಅಂಚು ಮುಟ್ಟುವ ಮೊದಲು ಎಲ್‌ಪಿಸಿ ಶುರು ಮಾಡಿದರೆ ವಾಪಸ್ ಎಡಕ್ಕೆ ಹೊರಳುತ್ತದೆ.

ಈ ತುಂಡನ್ನು ಅಳತೆಗೂ ಬಳಸಿಕೊಳ್ಳಿ. ದಾಟಿದ ಕುಣಿಕೆಗಳು ಬಟ್ಟೆಯನ್ನು ಒಳಕ್ಕೆ ಎಳೆಯುತ್ತವೆ, ಸಾದಾ ಹೆಣಿಗೆಯ ಲೆಕ್ಕದಲ್ಲಿ ಹಾಕಿದ ಟೊಪ್ಪಿ ಮಗುವಿನ ತಲೆಗೆ ಬಿಗಿಯಾಗುತ್ತದೆ. ಕಡ್ಡಿಯ ನಂಬರನ್ನೂ ನೋಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಹಳೆಯ ಇಂಗ್ಲೆಂಡಿನ ನಂಬರು, ಅದರಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ಉಲ್ಟಾ. ನಮ್ಮ 8 ಅಂದರೆ 4 ಮಿ.ಮೀ., ಅವರ 8 ಅಂದರೆ 5 ಮಿ.ಮೀ. ಹಾಗಾಗಿ ಮಿಲಿಮೀಟರ್ ನೋಡಿಯೇ ಕೊಳ್ಳಿ.

ತಪ್ಪು ಕಡೆ ದಾಟಿಸಿದ್ದು ನಾಲ್ಕು ಸಾಲಾದ ಮೇಲೆ ಕಂಡರೆ ಇಡೀ ಕೆಲಸ ಬಿಚ್ಚಬೇಡಿ. ಆ ಎರಡು ಕುಣಿಕೆಯನ್ನು ಮಾತ್ರ ಕಡ್ಡಿಯಿಂದ ಬಿಟ್ಟು, ತಪ್ಪಾದ ಸಾಲಿನವರೆಗೆ ಏಣಿಯ ಹಾಗೆ ಇಳಿಸಿ, ಮುಂದಿದ್ದದ್ದನ್ನು ಹಿಂದೆ ಮಾಡಿ, ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಎತ್ತಿಕೊಂಡು ಬನ್ನಿ. ಎರಡೇ ಕುಣಿಕೆಯಾದ್ದರಿಂದ ಹತ್ತು ನಿಮಿಷದ ಕೆಲಸ. ಆ ಟೊಪ್ಪಿ ಬಿಚ್ಚುವಾಗ ನನಗೆ ಇದು ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಹೆಣೆಯುವ ಚಟ ಇದ್ದವರಿಗೆ ಇನ್ನೊಂದು ಮಾತು. ಕುಮಟೆಯಿಂದ ಶಿರಸಿಗೆ ಹೋಗುವಾಗ ಕೆಳಗಿನ ಸಪಾಟು ರಸ್ತೆಯಲ್ಲಿ ಹೊರಮೈ ಸಾಲು ಮುಗಿಸಿಕೊಳ್ಳಿ. ದೇವಿಮನೆ ಘಟ್ಟ ಶುರುವಾದ ಮೇಲೆ ಒಳಮೈ ಸಾಲು ಮಾತ್ರ. ಅಲ್ಲಿಯ ತಿರುವುಗಳಲ್ಲಿ ಗಾಳಿಯಲ್ಲಿ ನಿಂತ ಕುಣಿಕೆ ಪಕ್ಕದ ಸೀಟಿನವರ ಮಡಿಲಿಗೇ ಹೋಗುತ್ತದೆ.